ದೇವರಗುಡ್ಡದ ಕೆಳಗೆ ಹಾಡಿಲ್ಲದ ಒಂದು ರಾತ್ರಿ

‘ಗುರುಗಳಾದವರು ಕಂಪನಿ ನಾಟಕ ನೋಡಲು ಹೋಗುವುದುಂಟೆ?’ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಬಾಲ್ಯದಿಂದಲೂ ಹೋಗುತ್ತಿದ್ದೆ, ಗುರುಮಠದ ರಜೆಯ ದಿನಗಳಲ್ಲಿ ಅಪ್ಪನೊಡನೆ ಹೋಗುತ್ತಿದ್ದೆ, ಆರೋಗ್ಯವಿರುವ ತನಕ ಮುಂದೆಯೂ ಹೋಗುತ್ತೇನೆ. ಆದರೆ 2018ರ ಮಹಾನವಮಿಯ ರಾತ್ರಿ, ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಸಮೀಪದ ಊರೊಂದರಲ್ಲಿ ನೋಡಿದ ನಾಟಕ ನನ್ನನ್ನು ನಿರಾಶೆಗೊಳಿಸಿತು. ಇಷ್ಟು ವರ್ಷಗಳ ಮೇಲೆ ಅದನ್ನು ಬರೆಯಲು ಕಾರಣವಿದೆ. ಅಂದು ರಂಗದ ಮೇಲೆ ಕಂಡ ದೋಷವನ್ನೇ ಆಮೇಲೆ ನಮ್ಮ ದೇವಾಲಯದ ಒಳಗೂ ಕಂಡೆ. ಅಲ್ಲಿ ಅದಕ್ಕೆ ಹೊಣೆಗಾರ ನಾನೇ ಆಗಿದ್ದೆ.

ದೇವರಗುಡ್ಡವನ್ನು ಕಾಣದವರಿಗಾಗಿ ಎರಡು ಮಾತು. ಬ್ಯಾಡಗಿ ಮತ್ತು ರಾಣೇಬೆನ್ನೂರಿನ ನಡುವೆ ರೈಲಿನಲ್ಲಿ ಸಾಗುವಾಗ ಈ ಹೆಸರಿನ ಸಣ್ಣ ನಿಲ್ದಾಣವೊಂದು ಸಿಗುತ್ತದೆ. ಅಲ್ಲಿನ ಗುಡಿ ಮಾಲತೇಶನದು. ಕರಿಯ ಕಂಬಳಿಯ ನಿಲುವಂಗಿ, ಕೈಯಲ್ಲಿ ಡಮರುಗ, ಹಣೆಯ ತುಂಬ ಭಂಡಾರ. ಹೀಗೆ ಕಾಣುವ ಗೊರವಯ್ಯರು ಆತನ ಸೇವಕರು. ಮಹಾನವಮಿಯಂದು ಅಲ್ಲಿ ಕಾರ್ಣಿಕೋತ್ಸವ ನಡೆಯುತ್ತದೆ. ವ್ರತ, ಉಪವಾಸಗಳಲ್ಲಿದ್ದ ಗೊರವಯ್ಯರೊಬ್ಬರು ಎತ್ತರದ ಬಿಲ್ಲನ್ನು ಏರಿ ‘ಸದ್ದಲೇ’ ಎಂದು ಕೂಗುತ್ತಾರೆ. ಅಲ್ಲಿಯವರೆಗೆ ಕಡಲಿನಂತೆ ಮೊರೆಯುತ್ತಿದ್ದ ಜನಸ್ತೋಮ ಒಮ್ಮೆಲೇ ಸ್ತಬ್ಧವಾಗುತ್ತದೆ. ಆಗ ಗೊರವಯ್ಯ ಒಂದೇ ಒಂದು ವಾಕ್ಯವನ್ನು ನುಡಿದು ಮೇಲಿನಿಂದ ಧುಮುಕುತ್ತಾರೆ. ಕೆಳಗೆ ನಿಂತವರು ಹಿಡಿದುಕೊಳ್ಳುತ್ತಾರೆ. ಆ ವಾಕ್ಯವನ್ನು ರೈತರು ಮಳೆಬೆಳೆಗೂ, ಉಳಿದವರು ರಾಜಕೀಯಕ್ಕೂ ಹೊಂದಿಸಿ ವರ್ಷವಿಡೀ ಅರ್ಥ ಬಿಡಿಸುತ್ತಾರೆ.

ಕ್ರೈಸ್ತರಾದ ನಾವು ನಮ್ಮ ನಾಳೆಯನ್ನು ಕಾರ್ಣಿಕದ ನುಡಿಗೆ ಒಪ್ಪಿಸಿಕೊಟ್ಟವರಲ್ಲ. ಆದರೂ ನೆರೆಯವರ ಭಕ್ತಿಯ ಮುಂದೆ ಗೌರವದಿಂದ ನಿಲ್ಲಬೇಕೆಂಬುದನ್ನು ಎರಡನೇ ವ್ಯಾಟಿಕನ್ ಮಹಾಸಭೆ 1965ರ ‘ನೊಸ್ತ್ರಾ ಎತಾತೆ’ ಘೋಷಣೆಯಲ್ಲಿ ನಮಗೆ ಕಲಿಸಿದೆ. ಅಂದು ಪರಿಚಿತ ರೈತ ಕುಟುಂಬವೊಂದರ ಅತಿಥಿಯಾಗಿ ನಾನು ಜನರ ನಡುವೆ ನಿಂತಿದ್ದೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಕಾರ್ಣಿಕದ ನುಡಿಗಿಂತ ಹೆಚ್ಚಾಗಿ ಅದಕ್ಕೆ ಮುಂಚಿನ ಮೌನ. ಹೆಗಲ ಮೇಲೆ ಕೂತ ಮಕ್ಕಳು ಸಹ ಉಸಿರು ಬಿಗಿಹಿಡಿದಿದ್ದರು. ಒಂದು ಮಾತನ್ನು ಕೇಳುವುದಕ್ಕಾಗಿ ಸಾವಿರಾರು ಜನ ಹೀಗೆ ಸುಮ್ಮನಾಗಬಲ್ಲರು. ಮುಂದೆ ಹೇಳುವ ವಿಚಾರಕ್ಕೆ ಇದು ಬೇಕಾಗುವುದರಿಂದ ದಯವಿಟ್ಟು ನೆನಪಿನಲ್ಲಿಡಿ.

ಸಂಜೆ ಮನೆಗೆ ಮರಳಿದಾಗ ಆ ಮನೆಯ ಹಿರಿಯರು, “ಗುರುಗಳ, ರಾತ್ರಿ ನಾಟಕ ಐತ್ರಿ. ಉಂಡು ಹೋಗೂಣು, ಬರ್ರಿ” ಎಂದರು. ಊರ ಹೊರಗಿನ ಬಯಲಿನಲ್ಲಿ ಕಂಪನಿಯೊಂದು ಕ್ಯಾಂಪ್ ಹಾಕಿತ್ತು. ಕಂಪನಿಯ ಹೆಸರಾಗಲಿ, ನಾಟಕದ ಹೆಸರಾಗಲಿ ಇಲ್ಲಿ ಬೇಡ. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಯಾವ ನಿರೀಕ್ಷೆ ಹೊತ್ತು ಹೋದೆ ಎಂಬುದನ್ನು ಮೊದಲು ಹೇಳಬೇಕು. ಪಶ್ಚಿಮದವರಿಗೆ ಆಪೆರಾ ಹೇಗೋ ಉತ್ತರ ಕರ್ನಾಟಕದವರಿಗೆ ಕಂಪನಿ ನಾಟಕ ಹಾಗೆ. ಇಲ್ಲಿ ಕಥೆ ಹಾಡಿನ ಮೇಲೆ ಸವಾರಿ ಮಾಡುತ್ತದೆ. ಅದರ ಬೇರುಗಳು ಈ ಸೀಮೆಯಲ್ಲಿಯೇ ಇವೆ. ಮರಾಠಿ ನಾಟಕಗಳು ಮೆರೆಯುತ್ತಿದ್ದ ಕಾಲದಲ್ಲಿ ‘ಉಷಾಹರಣ’ವನ್ನು ಬರೆದು ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಈಗಿನ ಹಾವೇರಿ ಜಿಲ್ಲೆಯ ಸಾತೇನಹಳ್ಳಿಯವರು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ‘ಶಾಕುಂತಲ’ದ ಮೂಲಕ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಸಹ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಮಲ್ಲಿಕಾರ್ಜುನ ಮನಸೂರರು ಬಾಲಕನಾಗಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಪಾತ್ರ ಮಾಡುತ್ತ, ಹಾಡುತ್ತ ಬೆಳೆದವರು. 1914ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರ ಬಸವಣ್ಣನ ಪಾತ್ರವನ್ನೂ ಅವರ ಕಂಠವನ್ನೂ ನೆನೆಯುವವರು ಇಂದಿಗೂ ಇದ್ದಾರೆ.

ಇವೆಲ್ಲಕ್ಕಿಂತ ನನ್ನ ಹೃದಯಕ್ಕೆ ಹತ್ತಿರವಾದ ಕಥೆ ಇನ್ನೊಂದು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಅಂಧರು. ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನವಿತ್ತು ಸಂಗೀತ ಕಲಿಸಿದವರು. ಅವರ ಹಾಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳ ಕಾಲದಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ತನ್ನದೇ ನಾಟಕ ಕಂಪನಿಯಿತ್ತು. ಅದರ ಗಳಿಕೆ ಆಶ್ರಮದ ಮಕ್ಕಳ ಊಟಕ್ಕೆ ಒದಗುತ್ತಿತ್ತು. ಕಣ್ಣಿಲ್ಲದ ಮಗುವಿನ ತಟ್ಟೆಗೆ ರೊಟ್ಟಿಯಾಗಿ ಬಂದ ಕಲೆ ಇದು. ಇದನ್ನು ‘ಬರೀ ಮನರಂಜನೆ’ ಎಂದು ತಳ್ಳಿಹಾಕಲು ನನ್ನಿಂದಾಗದು.

ಇನ್ನು ಆ ರಾತ್ರಿಯ ವಿಚಾರ. ಹತ್ತಕ್ಕೆಂದು ಸಾರಿದ ಆಟಕ್ಕೆ ಮೂರನೇ ಗಂಟೆ ಬಾರಿಸಿದಾಗ ಹನ್ನೊಂದೂವರೆ ದಾಟಿತ್ತು. ತಡವಾದುದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಕಾಯುವುದೂ ಜಾತ್ರೆಯ ಸುಖಗಳಲ್ಲಿ ಒಂದು. ರಂಗದ ಪಕ್ಕದಲ್ಲಿ ಬಿಳಿಗೂದಲಿನ ಪೆಟ್ಟಿಗೆ ಮಾಸ್ತರರೊಬ್ಬರು ಹಾರ್ಮೋನಿಯಂ ಮುಂದೆ ಕೂತಿದ್ದರು. ಪರದೆ ಏಳುವ ಮುನ್ನ ನಾಂದಿ ಪದವಾಯಿತು. ನಾಲ್ಕು ಜನ ಕೈಮುಗಿದು ಹಾಡಿದರು, ಪೆಟ್ಟಿಗೆ ನುಡಿಯಿತು, ನನ್ನ ಬಾಲ್ಯ ಮರಳಿ ಬಂದಂತಾಯಿತು. ಆಮೇಲೆ ಬೆಳಗಿನ ಮೂರೂವರೆಯ ತನಕ ಆ ಪೆಟ್ಟಿಗೆ ಹೆಚ್ಚುಕಡಿಮೆ ಮೂಕವಾಗಿಯೇ ಇತ್ತು. ಹಾಡಿನ ಸಂದರ್ಭ ಬಂದಾಗಲೆಲ್ಲ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಮೊಳಗುತ್ತಿತ್ತು. ನಟರು ತುಟಿಯಾಡಿಸಿ ಕುಣಿಯುತ್ತಿದ್ದರು.

ಕಥೆ ಕೆಟ್ಟದಾಗಿರಲಿಲ್ಲ. ತಾಯಿ, ಇಬ್ಬರು ಮಕ್ಕಳು. ಹಿರಿಯ ಹೊಲ ಉಳುವವ. ಕಿರಿಯ ಪಟ್ಟಣ ಸೇರಿ ಓದಿದವ. ಕಿರಿಯ ತನ್ನ ಪಾಲು ಕೇಳುತ್ತಾನೆ, ಹೊಲ ಮಾರುತ್ತಾನೆ, ಕೈ ಬರಿದಾಗಿ ಮರಳುತ್ತಾನೆ. ಲೂಕನ ಶುಭಸಂದೇಶದ ಹದಿನೈದನೇ ಅಧ್ಯಾಯ ನಿಮಗೆ ನೆನಪಾಗಿರಬಹುದು, ನನಗೂ ನೆನಪಾಯಿತು. ನಾಟಕ ಬರೆದವರು ಅದನ್ನು ಓದಿದ್ದರೋ ಇಲ್ಲವೋ, ಹೊಲ ಪಾಲಾಗುವ ನೋವು ಯೆಹೂದ್ಯರ ಹಳ್ಳಿಗೂ ಹಾವೇರಿಯ ಹಳ್ಳಿಗೂ ಒಂದೇ.

ನಡುರಾತ್ರಿ ಕಳೆದ ಮೇಲೆ ತಾಯಿ ಮನೆ ಬಿಟ್ಟು ಹೊರಡುವ ದೃಶ್ಯ ಬಂತು. ಪಾತ್ರಧಾರಿಣಿ ನಲವತ್ತು ದಾಟಿದ ಹೆಣ್ಣುಮಗಳು. ಹೊಸ್ತಿಲನ್ನು ಮುಟ್ಟಿ ನಮಸ್ಕರಿಸಿ ಸೆರಗನ್ನು ಕಣ್ಣಿಗೊತ್ತಿಕೊಂಡು ಆಕೆ ಹಾಡತೊಡಗಿದಳು. ಧ್ವನಿವರ್ಧಕ ಬೇಕೇ ಆಗಿರಲಿಲ್ಲ. ತುಸು ಒಡೆದ, ಆದರೆ ಬೇರಿನಿಂದ ಬಂದ ಕಂಠ. ಪೆಟ್ಟಿಗೆ ಮಾಸ್ತರರು ಥಟ್ಟನೆ ನೆಟ್ಟಗೆ ಕೂತು ಸ್ವರ ಹಿಡಿದರು. ಅಲ್ಲಿಯವರೆಗೆ ಶಿಳ್ಳೆ ಹಾಕುತ್ತಿದ್ದ ಹುಡುಗರು ಸುಮ್ಮನಾದರು. ಶೇಂಗಾ ಮಾರುವವನು ನಿಂತಲ್ಲಿಯೇ ನಿಂತ. ಸಂಜೆ ಬಿಲ್ಲಿನ ಕೆಳಗೆ ಕಂಡಿದ್ದ ಆ ಮೌನವೇ ಈಗ ತಗಡಿನ ಚಪ್ಪರದೊಳಗೆ ಇಳಿದು ಬಂದಿತ್ತು.

ಆಕೆ ಎರಡು ಸಾಲು ಹಾಡಿದ್ದಳು. ಅಷ್ಟರಲ್ಲಿ ಪಕ್ಕದಿಂದ ಹಾಸ್ಯಪಾತ್ರಧಾರಿ ನುಗ್ಗಿ ಬಂದು ಅವಳ ಅಳುವಿನ ಬಗೆಗೇ ಎರಡರ್ಥದ ಮಾತೊಂದನ್ನು ಹೇಳಿದ. ಜನ ನಕ್ಕರು. ಹಿಂದೆಯೇ ಧ್ವನಿಮುದ್ರಿತ ಹಾಡು ಮೊಳಗಿತು. ಆಕೆ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದು ನಿಂತಳು. ಮಾಸ್ತರರು ಪೆಟ್ಟಿಗೆಯ ಮೇಲಿಂದ ಕೈ ತೆಗೆದರು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಆ ರಾತ್ರಿಯ ಹಾಸ್ಯದ್ದು ಇದಕ್ಕೆ ತದ್ವಿರುದ್ಧ. ಖಾರವೇ ಖಾರ, ಬಣ್ಣ ಮಾತ್ರ ಇಲ್ಲ. ಹಾಸ್ಯ ಬೇಡವೆಂದು ನಾನು ಹೇಳಲಾರೆ. ಹಳೆಯ ನಾಟಕಗಳಲ್ಲಿಯೂ ಹಾಸ್ಯಗಾರನಿರುತ್ತಿದ್ದ; ಅಳು ಕಳೆದು ಜನ ಉಸಿರಾಡುವುದಕ್ಕೆ ಅವನು ಬರುತ್ತಿದ್ದ. ಅಳು ಹುಟ್ಟುವ ಮೊದಲೇ ಅದನ್ನು ಕೊಲ್ಲಲು ಬಂದವನು ಈತ. ಇದಕ್ಕಿಂತ ದೊಡ್ಡ ದೋಷ ಕೊನೆಯಲ್ಲಿತ್ತು. ಹಾಸ್ಯ, ಕುಣಿತಗಳಿಗೆ ಗಂಟೆಗಟ್ಟಲೆ ಕಾಲ ಸುರಿದವರು ಮಗ ಮರಳಿ ಬರುವ ದೃಶ್ಯವನ್ನು ಒಂದೇ ನಿಮಿಷದಲ್ಲಿ ಮುಗಿಸಿದರು. ಅವನು ಬಂದ, ಕಾಲಿಗೆ ಬಿದ್ದ, ಅಣ್ಣ ಎತ್ತಿದ, ಪರದೆ ಇಳಿಯಿತು. ಯೇಸುಸ್ವಾಮಿ ಹೇಳಿದ ಕಥೆಯನ್ನು ನೋಡಿ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಕಾಣುತ್ತಾನೆ, ಕನಿಕರಪಡುತ್ತಾನೆ, ಓಡುತ್ತಾನೆ, ಅಪ್ಪಿಕೊಳ್ಳುತ್ತಾನೆ, ಮುದ್ದಿಡುತ್ತಾನೆ. ನಿಲುವಂಗಿ, ಉಂಗುರ, ಪಾದರಕ್ಷೆ, ಔತಣ ಒಂದೊಂದಾಗಿ ಬರುತ್ತವೆ. ಅಷ್ಟೂ ಆದ ಮೇಲೆ ಹಿರಿಯ ಮಗನ ಸಿಟ್ಟಿಗೂ ಅಲ್ಲಿ ಜಾಗವಿದೆ. ಕ್ಷಮೆಗೆ ಸಮಯ ಹಿಡಿಯುತ್ತದೆಂಬುದು ಆ ಕಥೆಗೆ ಗೊತ್ತು. ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡ ನೋವನ್ನು ಅಣ್ಣನೊಬ್ಬ ಒಂದು ನಿಮಿಷದಲ್ಲಿ ಮರೆತನೆಂದರೆ, ಮನೆಯಲ್ಲಿ ಪಾಲಿನ ಜಗಳ ಕಂಡ ಯಾವ ರೈತ ನಂಬುತ್ತಾನೆ?

ಪರದೆ ಇಳಿದ ಮೇಲೆ ನಾನು ಮಾಸ್ತರರ ಬಳಿ ಹೋದೆ. ಪೆಟ್ಟಿಗೆಗೆ ಬಟ್ಟೆ ಹೊದಿಸುತ್ತಿದ್ದರು. ಈಗ ಹಾಡುವವರು ಸಿಗುವುದಿಲ್ಲವೇ ಎಂದು ಕೇಳಿದೆ. ಅವರು ಹೇಳಿದ್ದನ್ನು ಅವರ ನುಡಿಯಲ್ಲಿಯೇ ಬರೆಯುತ್ತೇನೆ: “ಆಕಿಗೆ ಹಾಡಾಕ ಬರತೈತ್ರಿ, ನನಗ ಬಾರಿಸಾಕ ಬರತೈತ್ರಿ. ಮಂದಿ ಕುಂತು ಕೇಳ್ತಾರ ಅನ್ನೂ ನಂಬಿಕಿ ನಮ್ಮವರಿಗೆ ಇಲ್ರಿ, ಗುರುಗಳ.”

ನಾನು ಬರೆಯಬೇಕೆಂದಿದ್ದ ವಿಮರ್ಶೆಯೆಲ್ಲ ಈ ಒಂದು ಮಾತಿನಲ್ಲಿದೆ. ಕಂಪನಿಯ ಕಷ್ಟವನ್ನು ನಾನು ಬಲ್ಲೆ. ಹತ್ತಾರು ಹೊಟ್ಟೆಗಳು, ಚಪ್ಪರದ ಖರ್ಚು, ಸಾಮಾನು ಸಾಗಿಸುವ ಲಾರಿಯ ಬಾಡಿಗೆ, ಮಳೆ ಬಂದರೆ ಖಾಲಿ ಕುರ್ಚಿ. ಮನೆಮನೆಗೆ ದೂರದರ್ಶನ ಬಂತು; ಆಮೇಲೆ ಅಂಗೈಗೆ ಮೊಬೈಲು ಬಂತು. ಹೆದರಿದವರು ಯಾವುದಕ್ಕೆ ಶಿಳ್ಳೆ ಬೀಳುತ್ತದೋ ಅದನ್ನೇ ಬಡಿಸುತ್ತಾರೆ. ಆದರೆ ಅವರ ಲೆಕ್ಕ ತಪ್ಪಿತ್ತು ಎಂಬುದಕ್ಕೆ ಆ ರಾತ್ರಿಯ ಆ ಎರಡು ಸಾಲುಗಳೇ ಸಾಕ್ಷಿ. ಕೇಳುವ ಜನ ಎದುರಿಗೇ ಕೂತಿದ್ದರು. ಸಂಜೆ ಬಯಲಿನಲ್ಲಿ ಒಂದೇ ವಾಕ್ಯಕ್ಕಾಗಿ ಉಸಿರು ಬಿಗಿಹಿಡಿದ ಜನರೇ ಅವರು. ಅವರನ್ನು ನಂಬುವ ಧೈರ್ಯ ರಂಗದ ಮೇಲಿದ್ದವರಲ್ಲಿ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಲೇಖನ ಸುಖವಾಗಿ ಮುಗಿಯುತ್ತಿತ್ತು. ಆದರೆ ಅದೇ ವರ್ಷದ ನಮ್ಮ ಧರ್ಮಕೇಂದ್ರದ ವಾರ್ಷಿಕ ಹಬ್ಬದ ಬಲಿಪೂಜೆಯಲ್ಲಿ, ಅರ್ಪಣೆಯ ಗೀತೆಯ ವೇಳೆಗೆ, ಆ ಮಾಸ್ತರರ ಮಾತು ನನ್ನ ಕಿವಿಯಲ್ಲಿ ಮತ್ತೆ ಮೊಳಗಿತು. ನಮ್ಮ ಗಾನವೃಂದಕ್ಕೆ ಮೂವತ್ತು ವರ್ಷ ಹಾರ್ಮೋನಿಯಂ ಬಾರಿಸಿದ ಹಿರಿಯರೊಬ್ಬರಿದ್ದರು. ಅದಕ್ಕೆ ಎರಡು ವರ್ಷಗಳ ಹಿಂದೆ ‘ಹಬ್ಬಕ್ಕೆ ಬರುವ ಅತಿಥಿಗಳಿಗೆ ಸೊಗಸಾಗಿರಲಿ’ ಎಂದು ನಾನೇ ಕೀಬೋರ್ಡ್ ಕೊಳ್ಳಲು ಒಪ್ಪಿದ್ದೆ. ಧ್ವನಿಮುದ್ರಿತ ವಾದ್ಯಮೇಳಕ್ಕೂ ಒಪ್ಪಿದ್ದೆ. ಹಿರಿಯರು ಏನೂ ಅನ್ನದೆ ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು. ಆ ಹಬ್ಬದ ದಿನ ಪೀಠದ ಬಳಿಯಿಂದ ನೋಡಿದೆ. ಧ್ವನಿವರ್ಧಕ ಹಾಡುತ್ತಿತ್ತು, ಗಾನವೃಂದದ ಮಕ್ಕಳ ತುಟಿ ಆಡುತ್ತಿತ್ತು, ದೇವಾಲಯ ತುಂಬ ಕುಳಿತಿದ್ದ ನನ್ನ ಜನ ಪ್ರೇಕ್ಷಕರಂತೆ ನೋಡುತ್ತಿದ್ದರು. ನೀವು ಹಾಡುವಿರಿ ಎಂಬ ನಂಬಿಕೆಯನ್ನು ನಾನು ಕೈಬಿಟ್ಟಿದ್ದೆ. ನನ್ನ ಆ ಅಪನಂಬಿಕೆಗೆ ತಕ್ಕಂತೆ ನೀವು ಸುಮ್ಮನಾಗಿದ್ದಿರಿ.

ಧರ್ಮಸಭೆ ಈ ವಿಷಯದಲ್ಲಿ ಮೊದಲೇ ಎಚ್ಚರಿಸಿತ್ತು. 1958ರ ಸೆಪ್ಟೆಂಬರ್‌ನಲ್ಲಿ ರೋಮಿನಿಂದ ಹೊರಟ ಪವಿತ್ರ ಸಂಗೀತದ ಆದೇಶಪತ್ರ, ದೈವಾರಾಧನೆಯ ಹಾಡುಗಳನ್ನು ಗ್ರಾಮಫೋನಿನಂತಹ ಯಂತ್ರಗಳಿಂದ ನುಡಿಸುವುದನ್ನು ನಿಷೇಧಿಸಿತ್ತು. 1963ರ ಡಿಸೆಂಬರ್‌ನಲ್ಲಿ ಮಹಾಸಭೆ ದೈವಾರಾಧನೆಯ ಬಗೆಗಿನ ತನ್ನ ಸಂವಿಧಾನದಲ್ಲಿ, ಭಕ್ತಜನರೆಲ್ಲರೂ ಅರಿತು, ಪೂರ್ಣವಾಗಿ, ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಬಯಸಿತು. ಉತ್ತರಗಳು, ಕೀರ್ತನೆಗಳು, ಗೀತೆಗಳು ಜನರ ಬಾಯಲ್ಲಿರಬೇಕೆಂದಿತು. ತಕ್ಕ ಸಮಯದಲ್ಲಿ ಪವಿತ್ರ ಮೌನವೂ ಇರಬೇಕೆಂದಿತು. ಗುರುಮಠದಲ್ಲಿ ಇದನ್ನೆಲ್ಲ ಓದಿ ಪರೀಕ್ಷೆ ಬರೆದವನು ನಾನು. ಅದು ನನಗೆ ಅರ್ಥವಾಗಲು ದೇವರಗುಡ್ಡದ ಕೆಳಗಿನ ಒಂದು ಕೆಟ್ಟ ನಾಟಕ ಬೇಕಾಯಿತು.

ಹಾಡಿಗೂ ಭಕ್ತಿಗೂ ಇರುವ ನಂಟಿನಲ್ಲಿ ಅಪಾಯವಿಲ್ಲವೆಂದಲ್ಲ. ಸಂತ ಅಗುಸ್ತೀನರು ತಮ್ಮ ‘ಅರಿಕೆಗಳು’ ಗ್ರಂಥದಲ್ಲಿ, ಯೌವನದಲ್ಲಿ ಕಾರ್ತೇಜಿನ ರಂಗಮಂದಿರದಲ್ಲಿ ಕೂತು ಕಟ್ಟುಕಥೆಯ ದುಃಖಕ್ಕೆ ಅತ್ತದ್ದನ್ನು ನೆನೆದು ನಾಚುತ್ತಾರೆ. ದೇವಾಲಯದ ಗಾನದ ಅರ್ಥಕ್ಕಿಂತ ಗಾನದ ಇಂಪೇ ಹೆಚ್ಚು ಹಿಡಿಸಿತೆಂದರೆ ಅದು ತಪ್ಪೆಂದು ಒಪ್ಪಿಕೊಳ್ಳುತ್ತಾರೆ. ಆದರೂ ಹಾಡನ್ನು ಬೇಡವೆನ್ನುವುದಿಲ್ಲ. ಸಂತ ಫಿಲಿಪ್ ನೇರಿಯವರ ಬಳಗದ ಪ್ರಾರ್ಥನಾಮಂದಿರದಲ್ಲಿ 1600ರಲ್ಲಿ ಕವಲಿಯೇರಿ ಎಂಬ ಸಂಗೀತಗಾರ ಆತ್ಮ ಮತ್ತು ದೇಹಗಳ ಸಂವಾದವನ್ನು ಹಾಡುನಾಟಕವಾಗಿ ಆಡಿಸಿದ. ಯುರೋಪಿನಲ್ಲಿ ಆಪೆರಾ ಕಣ್ಣು ಬಿಡುತ್ತಿದ್ದ ಕಾಲವದು. ನಮ್ಮ ಕಾಲದ ಸಂತ ಎರಡನೇ ಜಾನ್ ಪೌಲರು ಗುರುವಾಗುವ ಮುನ್ನ ನಟರಾಗಿದ್ದರು. ನಾಜಿಗಳ ಆಳ್ವಿಕೆಯಲ್ಲಿದ್ದ ಕ್ರಾಕೋವಿನಲ್ಲಿ 1941ರಿಂದ ಅವರ ಗೆಳೆಯರ ತಂಡ ಮನೆಗಳೊಳಗೆ ಗುಟ್ಟಾಗಿ ನಾಟಕವಾಡುತ್ತಿತ್ತು. ದೊಡ್ಡ ರಂಗಸಜ್ಜಿಕೆ ಇರಲಿಲ್ಲ. ಮಾತು ಇತ್ತು, ಕೇಳುವ ಕೆಲವು ಕಿವಿಗಳಿದ್ದವು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಅಪಾಯವಿತ್ತು. ಜೀವಂತ ಮಾತನ್ನು ಜೀವಂತ ಜನರ ಮುಂದಿಡುವುದಕ್ಕೆ ಅವರು ಅಷ್ಟು ಬೆಲೆ ಕೊಡಲು ಸಿದ್ಧರಿದ್ದರು.

ಹಬ್ಬದ ಮರುವಾರ ನಾನು ಆ ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕು, “ಬಾರಿಸದೇ ಇಟ್ಟರೆ ಪೆಟ್ಟಿಗೆಯೊಳಗೆ ಇಲಿ ಸೇರುತ್ತದೆ ಫಾದರ್” ಎಂದಷ್ಟೇ ಹೇಳಿದರು. ನಿಜಕ್ಕೂ ಇಲಿ ಸೇರಿತ್ತು. ದುರಸ್ತಿಗೆ ತಿಂಗಳು ಹಿಡಿಯಿತು. ಅವರು ಮರಳಿ ಬಂದರು. ಆದರೆ ಬೆರಳುಗಳಲ್ಲಿ ಮೊದಲಿನ ಶಕ್ತಿ ಉಳಿದಿರಲಿಲ್ಲ. ತಪಸ್ಸುಕಾಲದ ಕೆಲವು ಹಳೆಯ ಹಾಡುಗಳ ಧಾಟಿ ಅವರೊಬ್ಬರಿಗೇ ಗೊತ್ತಿತ್ತು. ಎರಡು ವರ್ಷಗಳ ಬಿಡುವಿನಲ್ಲಿ ಅವುಗಳಲ್ಲಿ ಒಂದೆರಡನ್ನು ಅವರೂ ಮರೆತಿದ್ದರು. ಅವು ಇನ್ನು ಮರಳಿ ಬರುವುದಿಲ್ಲ. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಅವರ ಪಕ್ಕ ಕೂತು ಉಳಿದವನ್ನು ಕಲಿತಳು. ಕೀಬೋರ್ಡನ್ನು ನಾನು ಹೊರಗೆ ಹಾಕಲಿಲ್ಲ. ಮನುಷ್ಯನ ಕೈ ಅದನ್ನು ನುಡಿಸುವುದಾದರೆ ಅದಕ್ಕೂ ಜಾಗವಿದೆ. ಧ್ವನಿಮುದ್ರಿಕೆಯನ್ನು ಮಾತ್ರ ನಿಲ್ಲಿಸಿದೆ. ಮೊದಲ ಕೆಲವು ಭಾನುವಾರ ಹಾಡು ತಾಳ ತಪ್ಪಿ ಎಳೆಯಿತು, ಕೆಲವರು ಬೇಸರಪಟ್ಟರು. ನಾಲ್ಕೈದು ವಾರ ಕಳೆದ ಮೇಲೆ ಹಿಂದಿನ ಬೆಂಚುಗಳಿಂದ ದನಿ ಬರತೊಡಗಿತು.

ಪ್ರಿಯ ಓದುಗರೇ, ಎರಡು ಬಿನ್ನಹ. ನಿಮ್ಮ ಊರಿನ ಜಾತ್ರೆಗೆ ಕಂಪನಿ ಬಂದರೆ ಟಿಕೇಟು ಕೊಂಡು ಹೋಗಿ. ಯಾರಾದರೂ ಸ್ವಂತ ಕಂಠದಲ್ಲಿ ಹಾಡಿದರೆ ಸುಮ್ಮನಿದ್ದು ಕೇಳಿ. ಮುಗಿದ ಮೇಲೆ ಚಪ್ಪಾಳೆ ತಟ್ಟಿ, ‘ಒನ್ಸ್ ಮೋರ್’ ಎಂದು ಕೂಗಿ. ಅಡ್ಡಮಾತಿಗೆ ನಗಬೇಡಿ. ನೀವು ಏನನ್ನು ಕೇಳಬಲ್ಲಿರಿ ಎಂಬುದು ಮಾಲೀಕರಿಗೆ ತಿಳಿಯುವುದು ಹಾಗೆಯೇ. ಎರಡನೆಯದು, ಈ ಕ್ರಿಸ್ಮಸ್ಸಿಗೆ ನಿಮ್ಮ ಧರ್ಮಕೇಂದ್ರದಲ್ಲಿ ಮಕ್ಕಳು ಆಡುವ ಗೋದಲಿಯ ನಾಟಕ. ಅಲ್ಲಿ ದೇವದೂತರ ಹಾಡನ್ನು ಮೊಬೈಲಿನಿಂದ ಹಾಕಿಸಬೇಡಿ. ಮಕ್ಕಳೇ ಹಾಡಲಿ. ಶ್ರುತಿ ತಪ್ಪಲಿ, ಒಬ್ಬಳು ಅಂಜಿ ನಡುವೆ ನಿಲ್ಲಿಸಲಿ. ಆಗ ನೀವು ಬೆಂಚಿನಿಂದಲೇ ಆ ಹಾಡನ್ನು ಎತ್ತಿಕೊಳ್ಳಿ; ಅವಳು ಮತ್ತೆ ಸೇರಿಕೊಳ್ಳುತ್ತಾಳೆ.

ಆ ತಾಯಿಯ ಪಾತ್ರಧಾರಿಣಿ ಈಗ ಎಲ್ಲಿದ್ದಾಳೋ ತಿಳಿಯದು. ಅವಳ ಹಾಡಿನ ಮೂರನೆಯ ಸಾಲು ಏನಿತ್ತೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ಬಲಿಪೂಜೆಯಲ್ಲಿ ನಿಮ್ಮ ದನಿ ತಗ್ಗಿದಾಗಲೆಲ್ಲ ಅದು ನೆನಪಾಗುತ್ತದೆ.